ಮುಕ್ತ ಕೋರ್ಸುಗಳ ಕುರಿತು ರಾಜ್ಯದ ಕುಲಪತಿಗಳಿಗೆ ಕೊಡಗಿನ ಗ್ರಂಥಾಲಯ ಮೇಲ್ವಿಚಾರಕನ ಬಹಿರಂಗ ಪತ್ರ

ಇವರಿಗೆ,
ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳ ಮಾನ್ಯ ಕುಲಪತಿಗಳು ಮತ್ತು ವಿದ್ಯಾವಿಷಯಕ ಪರಿಷತ್ತುಗಳ ಸದಸ್ಯರು

ವಿಷಯ: ಮುಕ್ತ ಆನ್‌ಲೈನ್ ಕೋರ್ಸುಗಳ ಮಾನ್ಯತೆ, ಭಾಷೆ ಮತ್ತು ಪರೀಕ್ಷೆಯ ಬಗ್ಗೆ

ಮಾನ್ಯರೆ,

ಮಡಿಕೇರಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ನಾನು ಮೇಲ್ವಿಚಾರಕನಾಗಿ ಕೆಲಸ ಮಾಡುತ್ತಿದ್ದೇನೆ. ಇಂಥ ಗ್ರಂಥಾಲಯಗಳನ್ನು ಸರ್ಕಾರ ಈಗ ಅರಿವು ಕೇಂದ್ರ ಎಂದು ಕರೆಯುತ್ತದೆ. ಬೆಳಿಗ್ಗೆ ಪತ್ರಿಕೆ ಓದಲು ಬರುವ ಹಿರಿಯರನ್ನು ಬಿಟ್ಟರೆ ನಮ್ಮಲ್ಲಿಗೆ ಹೆಚ್ಚಾಗಿ ಬರುವವರು ಕಾಲೇಜಿಗೆ ಹೋಗುವ ಮಕ್ಕಳು. ಸ್ಕಾಲರ್‌ಶಿಪ್ ಅರ್ಜಿ ತುಂಬುವುದರಿಂದ ಹಿಡಿದು ಹಾಲ್ ಟಿಕೆಟ್ ಪ್ರಿಂಟ್ ತೆಗೆಯುವವರೆಗೆ ಎಲ್ಲದಕ್ಕೂ ಅವರಿಗೆ ಇಲ್ಲಿನ ಎರಡು ಕಂಪ್ಯೂಟರುಗಳೇ ಗತಿ. ಆನ್‌ಲೈನ್ ಕೋರ್ಸುಗಳ ಬಗ್ಗೆ ನಾನು ತಿಳಿದುಕೊಂಡದ್ದೂ ಈ ಮಕ್ಕಳ ಪಕ್ಕದಲ್ಲಿ ಕುಳಿತೇ. ಆ ಕೋರ್ಸುಗಳ ಗುಣಮಟ್ಟದ ಮೇಲೆ ನನಗೆ ದೂರಿಲ್ಲ. ಅವನ್ನು ಕಲಿತು ಬಂದವರನ್ನು ವಿಶ್ವವಿದ್ಯಾಲಯಗಳು ಹೇಗೆ ಬರಮಾಡಿಕೊಳ್ಳುತ್ತವೆ ಎಂಬುದನ್ನು ಕಂಡು ಈ ಪತ್ರ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ, ಹತ್ತಿರದ ತೋಟವೊಂದರ ಕಾರ್ಮಿಕರ ಲೈನ್ ಮನೆಯಲ್ಲಿ ವಾಸವಿದ್ದ, ಬಿ.ಕಾಂ. ಓದುತ್ತಿದ್ದ ಹುಡುಗಿಯೊಬ್ಬಳು ಕೇಂದ್ರ ಸರ್ಕಾರದ ಉಚಿತ ಆನ್‌ಲೈನ್ ಕೋರ್ಸುಗಳ ‘ಸ್ವಯಂ’ ವೇದಿಕೆಯಲ್ಲಿ ಹನ್ನೆರಡು ವಾರದ ಒಂದು ಕೋರ್ಸಿಗೆ ಹೆಸರು ಕೊಟ್ಟಳು. ಹೆಸರು ಕೊಡುವಂತೆ ಹೇಳಿದವನು ನಾನೇ. ಅದು ಜುಲೈ ಸೆಮಿಸ್ಟರ್. ವಾರಕ್ಕೊಂದು ಕಂತು ಪಾಠದ ವಿಡಿಯೋ ನೋಡಬೇಕು, ಅದರ ಮೇಲಿನ ಪ್ರಶ್ನೆಗಳಿಗೆ ಗೊತ್ತುಪಡಿಸಿದ ರಾತ್ರಿ ಹನ್ನೆರಡರೊಳಗೆ ಉತ್ತರ ಕಳುಹಿಸಬೇಕು. ಬೆಂಗಳೂರಿನಲ್ಲಿ ಕುಳಿತವರಿಗೆ ಇದು ಸುಲಭದ ಕಟ್ಟಳೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಏನಿರುತ್ತದೆಂದು ಕೊಡಗನ್ನು ಕಂಡವರಿಗೆ ಹೇಳಬೇಕಾಗಿಲ್ಲ. ಜುಲೈ ನಡುವಿನಿಂದ ಬರುವ ಕಕ್ಕಡ ತಿಂಗಳಲ್ಲಿ ಮಳೆ ಹಿಡಿದರೆ ಸಿಲ್ವರ್ ಓಕ್ ಮರ ತಂತಿಯ ಮೇಲೆ ಬಿದ್ದು ಕರೆಂಟ್ ಹೋಗುತ್ತದೆ. ಕರೆಂಟ್ ಹೋದ ಕೆಲವು ಗಂಟೆಗಳಿಗೆ ಟವರಿನ ಬ್ಯಾಟರಿ ಇಳಿಯುತ್ತದೆ. ಅಲ್ಲಿಗೆ ಊರಿನ ಎಲ್ಲ ಫೋನುಗಳೂ ಟಾರ್ಚ್ ಹೊತ್ತಿಸಲು ಮಾತ್ರ ಉಪಯೋಗಕ್ಕೆ ಬರುತ್ತವೆ.

ಆಕೆಯ ಲೈನ್ ಮನೆಯಲ್ಲಿ ರೇಂಜ್ ಸಿಗುತ್ತಿರಲಿಲ್ಲ. ಒಂದೂವರೆ ಕಿಲೋಮೀಟರ್ ಮೇಲೆ, ರಸ್ತೆಯ ತಿರುವಿನಲ್ಲಿರುವ ಬಸ್ ತಂಗುದಾಣದ ಎಡ ಮೂಲೆಯಲ್ಲಿ ಸಿಗುತ್ತಿತ್ತು, ಬಲ ಮೂಲೆಯಲ್ಲಿ ಇಲ್ಲ. ಪ್ರತಿ ವಾರ ಆ ರಾತ್ರಿ ಆಕೆಯ ತಂದೆ ಕೊಡೆ ಹಿಡಿದು ನಿಲ್ಲುತ್ತಿದ್ದರು. ಆಕೆ ಫೋನನ್ನು ಹಾಲಿನ ಪ್ಯಾಕೆಟ್ಟಿನ ಕವರಿನೊಳಗೆ ಹಾಕಿಕೊಂಡು, ಕವರಿನ ಮೇಲಿನಿಂದಲೇ ಬೆರಳಾಡಿಸಿ ಉತ್ತರ ಒತ್ತುತ್ತಿದ್ದಳು. ಒಂದು ಮಳೆಯ ರಾತ್ರಿ ಮನೆಗೆ ಹಿಂದಿರುಗುವಾಗ ನಾನೇ ಇದನ್ನು ಕಣ್ಣಾರೆ ಕಂಡೆ. ಆನೆ ಓಡಾಡುವ ದಾರಿ ಅದು, ಅದಕ್ಕಾಗಿ ತಂದೆಯ ಕೈಯಲ್ಲಿ ಕೊಡೆಯ ಜೊತೆಗೆ ಒಂದು ಟಾರ್ಚ್ ಕೂಡ ಇತ್ತು. ಆಗಸ್ಟಿನ ಎರಡು ವಾರ ಟವರೇ ಸತ್ತಿದ್ದರಿಂದ ಎರಡು ಅಸೈನ್‌ಮೆಂಟ್ ತಪ್ಪಿಹೋದವು. ಹನ್ನೆರಡು ಅಸೈನ್‌ಮೆಂಟುಗಳಲ್ಲಿ ಚೆನ್ನಾಗಿ ಬರೆದ ಎಂಟನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವ ನಿಯಮ ಇದ್ದುದರಿಂದ ಬದುಕಿಕೊಂಡಳು. ಆ ನಿಯಮ ಮಾಡಿದ ಪುಣ್ಯಾತ್ಮರು ಎಂದೋ ನಮ್ಮ ಕಡೆ ಒಂದು ಮಳೆಗಾಲ ಕಳೆದಿರಬೇಕು ಎಂದು ನಾನು ಆಕೆಗೆ ತಮಾಷೆ ಮಾಡಿದ್ದೆ.

ಕಲಿಯಲು ದುಡ್ಡು ಕೊಡಬೇಕಾಗಿರಲಿಲ್ಲ, ಪರೀಕ್ಷೆಗೆ ಮಾತ್ರ ಶುಲ್ಕವಿತ್ತು. ಒಂದು ಸಾವಿರ ರೂಪಾಯಿ ಕಟ್ಟಿದಳು. ಆಕೆಗೆ ಸಿಕ್ಕ ಪರೀಕ್ಷಾ ಕೇಂದ್ರ ಮೈಸೂರಿನಲ್ಲಿತ್ತು. ನಮ್ಮ ಜಿಲ್ಲೆಗೆ ರೈಲಿಲ್ಲ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ನಮ್ಮೂರಿನಿಂದ ಮಡಿಕೇರಿಗೆ ಇನ್ನೊಂದು ಬಸ್ಸು. ಬೆಳಿಗ್ಗೆ ಒಂಬತ್ತಕ್ಕೆ ಪರೀಕ್ಷೆ ಇದ್ದುದರಿಂದ ಹಿಂದಿನ ದಿನವೇ ತಂದೆಯೊಂದಿಗೆ ಹೊರಟು, ಪರಿಚಯದವರೊಬ್ಬರ ಮನೆಯ ಪಡಸಾಲೆಯಲ್ಲಿ ಮಲಗಿದ್ದು, ಬರೆದು ಬಂದಳು. ಇಬ್ಬರ ಬಸ್ ಚಾರ್ಜು, ತಂದೆಯ ಎರಡು ದಿನದ ಕೂಲಿ, ಪರೀಕ್ಷಾ ಶುಲ್ಕ ಎಲ್ಲ ಸೇರಿಸಿ ನೋಡಿದರೆ ಉಚಿತ ಕೋರ್ಸಿನ ಬೆಲೆ ತಮಗೂ ತಿಳಿಯುತ್ತದೆ. ಪಾಸಾದಳು, ಅದೂ ಒಳ್ಳೆಯ ಅಂಕಗಳಲ್ಲಿ.

ಸರ್ಟಿಫಿಕೇಟು ಹಿಡಿದು ಕಾಲೇಜಿಗೆ ಹೋದಾಗ, ಕ್ರೆಡಿಟ್ (ಕಲಿತದ್ದನ್ನು ಪದವಿಯ ಲೆಕ್ಕಕ್ಕೆ ಹಿಡಿಯುವ ಅಳತೆ) ಸೇರಿಸಲು ವಿಶ್ವವಿದ್ಯಾಲಯದಿಂದ ಸುತ್ತೋಲೆ ಬಂದಿಲ್ಲ ಎಂದು ಆಫೀಸಿನಲ್ಲಿ ಹೇಳಿದರು. ವಿಶ್ವವಿದ್ಯಾಲಯಕ್ಕೆ ಬರೆದೆವು. ಈ ಕೋರ್ಸು ಆ ಸೆಮಿಸ್ಟರಿನ ಅನುಮೋದಿತ ಪಟ್ಟಿಯಲ್ಲಿ ಇರಲಿಲ್ಲ, ಪಟ್ಟಿ ತಯಾರಾದದ್ದೇ ತಡವಾಗಿ ಎಂದು ಮೂರು ತಿಂಗಳ ನಂತರ ಉತ್ತರ ಬಂತು. ಆ ಕಾಲೇಜನ್ನಾಗಲಿ ವಿಶ್ವವಿದ್ಯಾಲಯವನ್ನಾಗಲಿ ನಾನಿಲ್ಲಿ ಹೆಸರಿಸುತ್ತಿಲ್ಲ. ಇತರ ಊರುಗಳ ಮೇಲ್ವಿಚಾರಕರನ್ನು ವಿಚಾರಿಸಿದಾಗ ಇಂಥದೇ ಸಂಗತಿಗಳನ್ನು ಕೇಳಿದೆನಾದ್ದರಿಂದ, ಒಂದು ಕಚೇರಿಯ ಮೇಲೆ ಬೆರಳು ತೋರಿಸಿ ಮುಗಿಸುವ ವಿಷಯ ಇದಲ್ಲ ಎಂದು ನನಗೆ ಅನ್ನಿಸಿದೆ. ತಪ್ಪು ನನ್ನದೂ ಇದೆ. ಕ್ರೆಡಿಟ್ ಸಿಕ್ಕೇ ಸಿಗುತ್ತದೆ ಎಂದು ಆಕೆಗೆ ಭರವಸೆ ಕೊಟ್ಟವನು ನಾನು. ನಿಯಮ ಓದಿ ಕೊಟ್ಟ ಭರವಸೆ ಅದು, ನಿಯಮ ಜಾರಿಯಲ್ಲಿದೆಯೇ ಎಂದು ವಿಚಾರಿಸಿರಲಿಲ್ಲ.

ನಿಯಮವಂತೂ ಸ್ಪಷ್ಟವಾಗಿದೆ. ಒಂದು ಪದವಿಯ ಸೆಮಿಸ್ಟರಿನಲ್ಲಿ ಶೇ. 20ರಷ್ಟನ್ನು ಸ್ವಯಂ ಕೋರ್ಸುಗಳ ಮೂಲಕ ಕಲಿಯಲು ವಿಶ್ವವಿದ್ಯಾಲಯ ಅನುದಾನ ಆಯೋಗ 2016ರಲ್ಲೇ ಅವಕಾಶ ಕೊಟ್ಟಿತು. 2021ರಲ್ಲಿ ಆ ಮಿತಿ ಶೇ. 40ಕ್ಕೆ ಏರಿತು. ಸ್ವಯಂ ವೇದಿಕೆಯೇ 2017ರ ಜುಲೈನಲ್ಲಿ ಲೋಕಾರ್ಪಣೆಯಾಯಿತು. ಅದಕ್ಕೂ ಮೊದಲು, 2003ರಿಂದ, ಐಐಟಿಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ಎನ್‌ಪಿಟೆಲ್ ಹೆಸರಿನಲ್ಲಿ ಪಾಠಗಳನ್ನು ದಾಖಲಿಸುತ್ತ ಬಂದಿದ್ದವು. ಹೀಗೆ ಪಾಠ ಮಾಡುವವರು ತಮ್ಮ ಕೆಲಸ ಮಾಡಿದ್ದಾರೆ, ಅನುಮತಿ ಕೊಡುವವರೂ ಕೊಟ್ಟಿದ್ದಾರೆ. ಕಲಿತು ಬಂದವಳನ್ನು ಒಳಗೆ ಕರೆದು ಕೂರಿಸುವ ಕೆಲಸ ತಮ್ಮ ಪಾಲಿನದು. ಆ ಒಂದು ಕಡೆಯಲ್ಲಿ ಎಲ್ಲವೂ ನಿಂತುಹೋಗಿದೆ.

ಬೇರೆ ಕಡೆಯವರು ಇದನ್ನು ಹೇಗೆ ನಿಭಾಯಿಸಿದರು ಎಂದು ತಿಳಿಯುವ ಹಟದಿಂದ ನಾನು ಒಂದಿಷ್ಟು ಓದಿದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ 2001ರಲ್ಲಿ ತನ್ನ ಪಾಠ ಸಾಮಗ್ರಿಯನ್ನೆಲ್ಲ ಯಾರು ಬೇಕಾದರೂ ನೋಡಬಹುದೆಂದು ಘೋಷಿಸಿದಾಗಲೇ ಇದಕ್ಕೆ ಪದವಿಯೂ ಇಲ್ಲ, ಕ್ರೆಡಿಟ್ಟೂ ಇಲ್ಲ ಎಂದು ನೇರವಾಗಿ ಹೇಳಿತು. ಹೇಳಿದ ಮೇಲೂ ಸುಮ್ಮನಾಗಲಿಲ್ಲ. ಆಫ್ರಿಕಾದಂಥ ಕಡೆ ಇಂಟರ್‌ನೆಟ್ ನಿಧಾನವಿರುವ ವಿಶ್ವವಿದ್ಯಾಲಯಗಳಿಗೆ ಇಡೀ ಸಾಮಗ್ರಿಯ ಪ್ರತಿಯನ್ನು ಹಾರ್ಡ್ ಡಿಸ್ಕಿನಲ್ಲಿ ಹಾಕಿ ಕಳುಹಿಸಿತು. ಇದನ್ನು ಓದಿದ ದಿನ ನಮ್ಮ ಬಸ್ ತಂಗುದಾಣದ ಎಡ ಮೂಲೆ ನೆನಪಾಯಿತು.

ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದಲ್ಲಿ 2008ರಲ್ಲಿ ಶುಲ್ಕ ಕಟ್ಟಿದ ಸುಮಾರು 25 ಮಂದಿಯ ತರಗತಿಯನ್ನು ಹೊರಗಿನವರಿಗೂ ತೆರೆದಾಗ 2,000ಕ್ಕೂ ಹೆಚ್ಚು ಮಂದಿ ಸೇರಿಕೊಂಡರು. 2011ರಲ್ಲಿ ಸ್ಟ್ಯಾನ್‌ಫರ್ಡಿನ ಕೃತಕ ಬುದ್ಧಿಮತ್ತೆಯ ಕೋರ್ಸಿಗೆ ಸುಮಾರು 1,60,000 ಮಂದಿ ಹೆಸರು ಕೊಟ್ಟರು. ಆ ಸಂಖ್ಯೆ ಕಂಡ ಮೇಲೆ 2012ರಲ್ಲಿ ಆನ್‌ಲೈನ್ ಕೋರ್ಸುಗಳ ವೇದಿಕೆಗಳಾದ ಕೋರ್ಸೆರಾ, ಎಡ್‌ಎಕ್ಸ್ ಹುಟ್ಟಿದವು. ಮುಂದಿನ ಕಥೆ ದುಡ್ಡಿನದು. ಹಾರ್ವರ್ಡ್ ಮತ್ತು ಎಂಐಟಿ ಸೇರಿ ಕಟ್ಟಿದ ಎಡ್‌ಎಕ್ಸ್ 2021ರಲ್ಲಿ 80 ಕೋಟಿ ಡಾಲರಿಗೆ ಖಾಸಗಿ ಕಂಪನಿಯ ಪಾಲಾಯಿತು. ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯ ಆರಂಭಿಸಿದ ಫ್ಯೂಚರ್‌ಲರ್ನ್ ಕೂಡ 2022ರಲ್ಲಿ ಮಾರಾಟವಾಯಿತು. ದೊಡ್ಡವರು ಹಾಕಿದ ಚಪ್ಪರವೆಂದು ಅದರಡಿಯಲ್ಲೇ ಶಾಶ್ವತವಾಗಿ ಕುಳಿತುಬಿಡುವುದು ಕ್ಷೇಮವಲ್ಲ ಎಂಬುದಕ್ಕೆ ಇವೆರಡು ಸಾಕು.

ಇಂಗ್ಲಿಷ್ ತಮ್ಮ ಜನರ ಮಾತಲ್ಲ ಎಂದು ಅರಿತ ದೇಶಗಳು ಬೇರೆ ದಾರಿ ಹಿಡಿದವು. ಫ್ರಾನ್ಸಿನಲ್ಲಿ ಉನ್ನತ ಶಿಕ್ಷಣ ಸಚಿವಾಲಯವೇ ಮುಂದೆ ನಿಂತು 2013ರಲ್ಲಿ ಫನ್ ಎಂಬ ಸಾರ್ವಜನಿಕ ವೇದಿಕೆ ಕಟ್ಟಿಸಿತು, ಪಾಠಗಳು ಮುಖ್ಯವಾಗಿ ಫ್ರೆಂಚಿನಲ್ಲಿ. ಅದೇ ವರ್ಷ ಚೀನಾದ ಸಿಂಘುವಾ ವಿಶ್ವವಿದ್ಯಾಲಯ ಶ್ವೇತಾಂಗ್‌ಎಕ್ಸ್ ಆರಂಭಿಸಿತು. ಅದಕ್ಕೆ ಬಳಸಿಕೊಂಡದ್ದು ಎಡ್‌ಎಕ್ಸ್‌ನವರು ಎಲ್ಲರಿಗೂ ಬಿಟ್ಟುಕೊಟ್ಟ ತಂತ್ರಾಂಶವನ್ನೇ, ಪಾಠ ಮಾತ್ರ ಚೀನೀ ಭಾಷೆಯದು. ಜೋರ್ಡಾನಿನ ಎದ್ರಾಕ್ ವೇದಿಕೆ 2014ರಿಂದ ಅರಬ್ಬಿಯಲ್ಲಿ ಕಲಿಸುತ್ತಿದೆ. ಕೊರಿಯಾ ಸರ್ಕಾರ 2015ರಲ್ಲಿ ತನ್ನದೇ ವೇದಿಕೆ ತೆರೆಯಿತು. ಮೆಕ್ಸಿಕೋದ ಮಾಂಟೆರ್ರೆ ತಾಂತ್ರಿಕ ವಿಶ್ವವಿದ್ಯಾಲಯ ವೇದಿಕೆಯನ್ನು ಅಮೆರಿಕದಿಂದ ಎರವಲು ಪಡೆದರೂ ಸ್ಪ್ಯಾನಿಷಿನಲ್ಲೇ ಪಾಠ ಹೇಳಿತು. ಇವೆಲ್ಲ ಶ್ರೀಮಂತರ ಲೆಕ್ಕ ಎಂದು ತಾವು ಹೇಳಬಹುದು, ಕೆಲವು ನಿಜಕ್ಕೂ ಹೌದು. ಆದರೆ ಯಾರಿಗಾಗಿ ತೆರೆಯುತ್ತಿದ್ದೇವೆ ಎಂದು ಮೊದಲು ಕೇಳಿಕೊಳ್ಳಲು ಶ್ರೀಮಂತಿಕೆ ಬೇಕಾಗಿಲ್ಲ.

ಇನ್ನೊಂದು ಪ್ರಸಂಗವನ್ನು ತಮ್ಮ ಗಮನಕ್ಕೆ ತರಲೇಬೇಕು. 2013ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಸ್ಟೇಟ್ ವಿಶ್ವವಿದ್ಯಾಲಯದ ತತ್ತ್ವಶಾಸ್ತ್ರ ವಿಭಾಗದ ಅಧ್ಯಾಪಕರು ಹಾರ್ವರ್ಡಿನ ಪ್ರಾಧ್ಯಾಪಕ ಮೈಕೆಲ್ ಸ್ಯಾಂಡೆಲ್ ಅವರಿಗೆ ನನ್ನ ಈ ಪತ್ರದಂಥದೇ ಒಂದು ಬಹಿರಂಗ ಪತ್ರ ಬರೆದರು. ಸ್ಯಾಂಡೆಲ್ ಅವರ ಪ್ರಸಿದ್ಧ ಆನ್‌ಲೈನ್ ಕೋರ್ಸನ್ನು ತಮ್ಮ ತರಗತಿಯಲ್ಲಿ ಬಳಸಲು ಆ ಅಧ್ಯಾಪಕರು ಒಪ್ಪಲಿಲ್ಲ. ಹೀಗೆ ಮುಂದುವರಿದರೆ ಕೆಲವು ವಿಶ್ವವಿದ್ಯಾಲಯಗಳಲ್ಲಿ ಮಾತ್ರ ಮಕ್ಕಳಿಗೆ ಜೀವಂತ ಅಧ್ಯಾಪಕರು ಸಿಗುತ್ತಾರೆ, ಉಳಿದ ಕಡೆ ಬೇರೆಯವರ ಅಧ್ಯಾಪಕರನ್ನು ಪರದೆಯ ಮೇಲೆ ನೋಡುವುದಷ್ಟೇ ಉಳಿಯುತ್ತದೆ ಎಂಬುದು ಅವರ ಆತಂಕ. ನಮ್ಮ ಸರ್ಕಾರಿ ಪದವಿ ಕಾಲೇಜುಗಳು ಅತಿಥಿ ಉಪನ್ಯಾಸಕರ ಮೇಲೆ ನಿಂತಿರುವುದು ತಮಗೆ ಗೊತ್ತಿರುವ ವಿಷಯ. ಕ್ರೆಡಿಟ್ಟಿಗೆ ದಾರಿ ಮಾಡಿಕೊಡಿ ಎಂದು ನಾನು ಕೇಳುವುದನ್ನು, ಹಾಗಾದರೆ ಆ ಅತಿಥಿ ಉಪನ್ಯಾಸಕರೂ ಬೇಡ ಎಂಬ ತೀರ್ಮಾನಕ್ಕೆ ಯಾರೂ ಬಳಸಿಕೊಳ್ಳಬಾರದು. ಆ ಹುಡುಗಿ ಹನ್ನೆರಡು ವಾರ ಓದಿ ಪಾಸಾದದ್ದಕ್ಕೆ, ತಮ್ಮ ಬಿಡುವಿನ ವೇಳೆಯಲ್ಲಿ ಸಂಶಯ ಪರಿಹರಿಸಿದ ಒಬ್ಬ ಅತಿಥಿ ಉಪನ್ಯಾಸಕಿಯೂ ಕಾರಣ. ಅದಕ್ಕೆ ಅವರಿಗೆ ಒಂದು ಪೈಸೆಯೂ ಸಿಗಲಿಲ್ಲ, ವರ್ಕ್‌ಲೋಡಿನಲ್ಲೂ ಅದು ಸೇರಲಿಲ್ಲ.

ಇಷ್ಟೆಲ್ಲ ಹೊರಗಿನ ಉದಾಹರಣೆ ಕೊಟ್ಟವನು ಮನೆಯದನ್ನು ಹೇಳದಿದ್ದರೆ ತಪ್ಪಾಗುತ್ತದೆ. ನಮ್ಮ ಗ್ರಂಥಾಲಯಕ್ಕೆ ಒಬ್ಬ ನಿವೃತ್ತ ಮೇಷ್ಟ್ರ ಮನೆಯವರು ಕೊಟ್ಟ ಪುಸ್ತಕಗಳ ಪೆಟ್ಟಿಗೆಯಲ್ಲಿ ಮೈಸೂರು ವಿಶ್ವವಿದ್ಯಾಲಯದ ಒಂದೆರಡು ಹಳೆಯ ಕಿರುಹೊತ್ತಿಗೆಗಳಿದ್ದವು. ಅಂಗೈಗಿಂತ ಸ್ವಲ್ಪ ದೊಡ್ಡವು, ಬೆಲೆ ಆಣೆಗಳಲ್ಲಿ. 1930ರ ದಶಕದಲ್ಲಿ ಆ ವಿಶ್ವವಿದ್ಯಾಲಯದ ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಕೊಡುತ್ತಿದ್ದರು. ವಿಜ್ಞಾನ, ಆರೋಗ್ಯ, ಚರಿತ್ರೆ, ಸಾಹಿತ್ಯ ಯಾವುದೂ ಅವರಿಗೆ ಹೊರತಾಗಿರಲಿಲ್ಲ. ಉಪನ್ಯಾಸ ಮುಗಿದ ಮೇಲೆ ಅದನ್ನೇ ಕಡಿಮೆ ಬೆಲೆಯ ಪುಸ್ತಕವಾಗಿ ಅಚ್ಚು ಹಾಕಿಸುತ್ತಿದ್ದರು. ಪದವಿ ತರಗತಿಯಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲೇ ನಡೆಯುತ್ತಿದ್ದ ಕಾಲ ಅದು. ಮುಕ್ತ ಕೋರ್ಸು ಎಂಬ ಮಾತು ಹುಟ್ಟುವುದಕ್ಕೆ ಎಪ್ಪತ್ತು ವರ್ಷ ಮೊದಲೇ, ಹೊರಗಿನವರಿಗೆ ಅವರ ಮಾತಿನಲ್ಲೇ ಕಲಿಸುವುದು ವಿಶ್ವವಿದ್ಯಾಲಯದ ಕೆಲಸ ಎಂದು ಒಪ್ಪಿಕೊಂಡ ವಿದ್ವಾಂಸರು ನಮ್ಮಲ್ಲೇ ಇದ್ದರು. ಇವತ್ತು ತಮ್ಮ ಕೈಯಲ್ಲಿ ಕ್ಯಾಮೆರಾ ಇದೆ, ಸ್ಟುಡಿಯೋ ಇದೆ. ಆದರೂ ನಾವು ಹುಡುಕಿದ ಮಟ್ಟಿಗೆ, ನಮ್ಮ ಓದುಗರು ಮೊದಲಿನಿಂದ ಕೊನೆಯವರೆಗೆ ಕನ್ನಡದಲ್ಲಿ ಕುಳಿತು ಕಲಿಯಬಹುದಾದ, ಕೊನೆಗೆ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಬಹುದಾದ ಕೋರ್ಸು ಕೈಗೆ ಸಿಗಲಿಲ್ಲ. ಎನ್‌ಪಿಟೆಲ್‌ನವರು ಹಲವು ಪಾಠಗಳ ಬರಹ ರೂಪವನ್ನು ಕನ್ನಡಕ್ಕೆ ತಂದಿದ್ದಾರೆ, ಅದಕ್ಕೆ ನಾವು ಋಣಿಗಳು. ಆದರೆ ಇಂಗ್ಲಿಷಿನಲ್ಲಿ ಯೋಚಿಸಿ ಮಾಡಿದ ಪಾಠದ ಅನುವಾದವೇ ಬೇರೆ, ಕೇಳುವವನ ಮುಖ ನೋಡುತ್ತ ಕನ್ನಡದಲ್ಲೇ ಕಟ್ಟಿದ ಪಾಠವೇ ಬೇರೆ.

ಕೇಳುವವರಿಲ್ಲ ಎಂದು ಮಾತ್ರ ದಯವಿಟ್ಟು ಹೇಳಬೇಡಿ. 2018ರ ಆಗಸ್ಟಿನಲ್ಲಿ ನಮ್ಮ ಗುಡ್ಡಗಳು ಕುಸಿದದ್ದನ್ನು ರಾಜ್ಯವೆಲ್ಲ ನೋಡಿದೆ. ಆ ಕುಸಿತದಲ್ಲಿ ತೋಟದ ಒಂದು ಭಾಗ ಕಳೆದುಕೊಂಡ ಹಿರಿಯ ಬೆಳೆಗಾರರೊಬ್ಬರು, ಗುಡ್ಡ ಯಾಕೆ ಜಾರುತ್ತದೆ ಎಂದು ಸರಿಯಾಗಿ ತಿಳಿಸುವ ಪಾಠ ಇದೆಯೇ ಎಂದು ನಮ್ಮಲ್ಲಿಗೆ ಬಂದರು. ಮಣ್ಣಿನ ಯಂತ್ರಶಾಸ್ತ್ರದ ಒಂದು ಕೋರ್ಸು ಸಿಕ್ಕಿತು. ಬಹಳ ಒಳ್ಳೆಯ ಪಾಠ, ಇಂಗ್ಲಿಷಿನಲ್ಲಿ. ಇಬ್ಬರೂ ಕುಳಿತು ಎರಡು ವಿಡಿಯೋ ನೋಡಿದೆವು. ಇಳಿಜಾರಿನ ಚಿತ್ರ ಬಂದಾಗ ಅವರು ಮುಂದಕ್ಕೆ ಬಾಗಿ ನೋಡಿದರು. “ಇವರು ನನ್ನ ಬರೆಯ (ಗುಡ್ಡದ ಇಳಿಜಾರಿನ) ಕಥೆಯನ್ನೇ ಹೇಳುತ್ತಿದ್ದಾರೆ ಅಂತ ಗೊತ್ತಾಗುತ್ತದೆ, ಏನು ಹೇಳುತ್ತಿದ್ದಾರೆ ಅಂತ ಗೊತ್ತಾಗುವುದಿಲ್ಲವಲ್ಲ ಮಾರಾಯ” ಎಂದರು. ಮೂರನೆಯ ವಿಡಿಯೋಕ್ಕೆ ಅವರು ಬರಲಿಲ್ಲ.

ತಿಳಿದವರು ಜಿಲ್ಲೆಯಲ್ಲೇ ಇದ್ದಾರೆ ಎಂಬುದು ಇನ್ನೂ ಬೇಸರದ ಸಂಗತಿ. ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರವಿದೆ. ಅಪ್ಪಂಗಳದಲ್ಲಿ ಸಂಬಾರ ಬೆಳೆಗಳ ಸಂಶೋಧನಾ ಕೇಂದ್ರವಿದೆ. ಪೊನ್ನಂಪೇಟೆಯಲ್ಲಿ ಅರಣ್ಯ ಮಹಾವಿದ್ಯಾಲಯವಿದೆ. ಕಾಫಿ ಗಿಡದ ಕಾಂಡಕೊರಕ ಹುಳುವಿನ ಬಗ್ಗೆ, ಕರಿಮೆಣಸಿನ ಸೊರಗು ರೋಗದ ಬಗ್ಗೆ, ಆನೆ ದಾರಿಗಳ ಬಗ್ಗೆ ಇಲ್ಲಿನ ವಿಜ್ಞಾನಿಗಳಿಗಿಂತ ಚೆನ್ನಾಗಿ ಬಲ್ಲವರು ಯಾರು? ತಮ್ಮ ಯಾವುದಾದರೂ ಒಂದು ವಿಶ್ವವಿದ್ಯಾಲಯ ಇವರನ್ನು ಕೂಡಿಸಿ ಆರು ವಾರದ ಒಂದು ಕನ್ನಡ ಕೋರ್ಸು ಮಾಡಿಸಿದರೆ, ಸಕಲೇಶಪುರ, ಮೂಡಿಗೆರೆಯವರೂ ಕಲಿತಾರು. ಅಂಥ ಕೋರ್ಸಿಗೆ ಕ್ರೆಡಿಟ್ ಬೇಕೆಂದು ಯಾವ ಬೆಳೆಗಾರನೂ ತಮ್ಮ ಬಾಗಿಲಿಗೆ ಬರುವುದಿಲ್ಲ.

ಆದುದರಿಂದ ತಮ್ಮಲ್ಲಿ ನನ್ನ ಮೊದಲ ಮತ್ತು ಮುಖ್ಯ ವಿನಂತಿ ಇದು: ಯಾವ ಆನ್‌ಲೈನ್ ಕೋರ್ಸಿಗೆ ಎಷ್ಟು ಕ್ರೆಡಿಟ್, ಅದು ಯಾವ ಪತ್ರಿಕೆಯ ಬದಲಿಗೆ ಎಂಬ ಪಟ್ಟಿಯನ್ನು ನೋಂದಣಿ ಮುಗಿಯುವ ಮೊದಲೇ ವಿದ್ಯಾವಿಷಯಕ ಪರಿಷತ್ತಿನಲ್ಲಿ ಒಪ್ಪಿಸಿ, ಕನ್ನಡದಲ್ಲಿ ಪ್ರಕಟಿಸಿ, ಪ್ರತಿ ಕಾಲೇಜಿನ ನೋಟಿಸ್ ಬೋರ್ಡಿಗೂ ಮುಟ್ಟಿಸಬೇಕು. ಪಟ್ಟಿ ತಡವಾದರೆ ಅದರ ಹೊರೆ ವಿದ್ಯಾರ್ಥಿಯ ಮೇಲೆ ಬೀಳಬಾರದು, ಆ ಸೆಮಿಸ್ಟರಿನ ಮಟ್ಟಿಗಾದರೂ ಹಿಂದಿನ ವರ್ಷದ ಪಟ್ಟಿ ಊರ್ಜಿತವೆಂದು ಪರಿಗಣಿಸಬೇಕು. ಈಗಾಗಲೇ ಪಾಸಾಗಿ ಕ್ರೆಡಿಟ್ ಸಿಗದೆ ಕುಳಿತಿರುವವರ ಅರ್ಜಿಗಳನ್ನು ಒಂದು ಸಲ ಮರುಪರಿಶೀಲಿಸಬೇಕು. ಪ್ರತಿ ಕಾಲೇಜಿನಲ್ಲಿ ಒಬ್ಬ ಅಧ್ಯಾಪಕರನ್ನು ಮಾರ್ಗದರ್ಶಕರೆಂದು ನೇಮಿಸಿ, ಅವರು ಅತಿಥಿ ಉಪನ್ಯಾಸಕರೇ ಆಗಿರಲಿ, ಆ ಗಂಟೆಗಳನ್ನು ವರ್ಕ್‌ಲೋಡಿಗೆ ಸೇರಿಸಬೇಕು.

ಪಾಠ ತಲುಪಿಸುವ ವಿಷಯದಲ್ಲಿ ನಮ್ಮ ಬೇಡಿಕೆ ಸಣ್ಣದು. ವಿಡಿಯೋಗಳನ್ನು ಕಡಿಮೆ ಗಾತ್ರದ ಕಡತಗಳಾಗಿ, ಧ್ವನಿ ಮಾತ್ರ ಬೇರೆಯಾಗಿ, ಟಿಪ್ಪಣಿ ಬೇರೆಯಾಗಿ ಕೊಡಿ. ಸೆಮಿಸ್ಟರಿನ ಆರಂಭದಲ್ಲೇ ಎಲ್ಲವನ್ನೂ ಒಂದು ಹಾರ್ಡ್ ಡಿಸ್ಕಿಗೆ ಹಾಕಿ ಅರಿವು ಕೇಂದ್ರಗಳಿಗೆ ಕಳುಹಿಸಿ, ಮಕ್ಕಳು ಪೆನ್‌ಡ್ರೈವಿನಲ್ಲಿ ಒಯ್ಯುತ್ತಾರೆ. ಪಾಠ ಬಿತ್ತರಿಸುವ ಸ್ವಯಂ ಪ್ರಭಾ ಟಿ.ವಿ. ವಾಹಿನಿಗಳಿವೆಯಲ್ಲ ಎನ್ನಬಹುದು. ಜೋರು ಮಳೆಗೆ ನಮ್ಮ ಡಿಶ್ ಆಂಟೆನಾಗಳೂ ಕುರುಡಾಗುತ್ತವೆ. ಮಳೆಗೆ ಬಗ್ಗದೆ ನಮ್ಮ ಮನೆಗಳಲ್ಲಿ ಕೇಳಿಸುವುದು ಮಡಿಕೇರಿ ಆಕಾಶವಾಣಿ ಒಂದೇ. ವಾರಕ್ಕೆ ಅರ್ಧ ಗಂಟೆ ಅಲ್ಲಿ ಪಾಠದ ಸಾರ ಹೇಳಿಸುವ ಬಗ್ಗೆ ತಾವು ಆ ಕೇಂದ್ರದೊಡನೆ ಮಾತನಾಡಬಹುದು. ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯ 1971ರಲ್ಲಿ ತನ್ನ ಮೊದಲ ವಿದ್ಯಾರ್ಥಿಗಳಿಗೆ ಪಾಠ ಹೇಳಿದ್ದು ಬಿಬಿಸಿಯ ರೇಡಿಯೋ ಮತ್ತು ಟಿ.ವಿ.ಯ ನೆರವಿನಿಂದಲೇ. ತಾವೇ ನಡೆಸುವ ಕೋರ್ಸುಗಳಲ್ಲಿ ವಾರದ ಗಡುವಿನ ಬದಲು ತಿಂಗಳ ಗಡುವು ಇಟ್ಟರೆ ಉಪಕಾರವಾಗುತ್ತದೆ. ಜುಲೈ ಸೆಮಿಸ್ಟರ್ ನಮ್ಮ ಮಳೆಯ ಮೇಲೆ ಬೀಳುತ್ತದೆ, ಜನವರಿಯದು ಕಾಫಿ ಕೊಯ್ಲಿನ ಮೇಲೆ. ಕೊಯ್ಲಿನ ಹೊತ್ತಿನಲ್ಲಿ ತೋಟದ ಮನೆಗಳ ಮಕ್ಕಳು ಸಂಜೆ ಚೀಲ ತೂಗುವ ಕಡೆ ಇರುತ್ತಾರೆ. ಪರೀಕ್ಷಾ ಕೇಂದ್ರ ನಿಗದಿ ಮಾಡುವ ಅಧಿಕಾರ ತಮ್ಮದಲ್ಲವೆಂದು ಬಲ್ಲೆ. ಆದರೆ ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಒಂದು ಸುಸಜ್ಜಿತ ಲ್ಯಾಬನ್ನು ಪ್ರತಿ ಸಲವೂ ಕೇಂದ್ರವಾಗಿ ಕೊಡಲು ಸಿದ್ಧರಿದ್ದೇವೆ ಎಂದು ಬರೆದು ಕೇಳುವುದು ತಮ್ಮಿಂದ ಆಗದ ಕೆಲಸವೇನಲ್ಲ.

ಆ ಹುಡುಗಿ ಈಗ ಕುಶಾಲನಗರದ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾಳೆ. ಕೋರ್ಸಿನಲ್ಲಿ ಕಲಿತದ್ದು ಅಲ್ಲಿ ಉಪಯೋಗಕ್ಕೆ ಬಂತೆಂದು ಹೇಳುತ್ತಾಳೆ, ಸರ್ಟಿಫಿಕೇಟಿನ ಮಾತು ಎತ್ತುವುದಿಲ್ಲ. ಬರುವ ಜುಲೈ ಸೆಮಿಸ್ಟರಿಗೆ ಹೆಸರು ಕೊಡಬೇಕೆಂದು ಮೂವರು ನನ್ನ ರಿಜಿಸ್ಟರಿನಲ್ಲಿ ಬರೆಸಿದ್ದಾರೆ, ಅವರಲ್ಲೊಬ್ಬಳು ಆಕೆಯ ತಂಗಿ. ಕ್ರೆಡಿಟ್ ಸಿಗುತ್ತದೆಯೇ ಎಂದು ಮೂವರೂ ಕೇಳಿದ್ದಾರೆ. ಈ ಸಲ ವಿಚಾರಿಸಿ ಹೇಳುತ್ತೇನೆ ಎಂದಿದ್ದೇನೆ. ನೋಂದಣಿ ಮುಗಿಯುವುದರೊಳಗೆ ತಮ್ಮಿಂದ ಲಿಖಿತ ಉತ್ತರ ನಿರೀಕ್ಷಿಸುತ್ತೇನೆ.

ಗೌರವಪೂರ್ವಕ ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಗ್ರಂಥಾಲಯ ಮೇಲ್ವಿಚಾರಕ
ಮಡಿಕೇರಿ ತಾಲ್ಲೂಕು, ಕೊಡಗು ಜಿಲ್ಲೆ